ಯಾವ ಕಾಮಾಲೆ ಎಂದು ಕೇಳಿ

‘ಕಾಮಾಲೆ ಕಣ್ಣಿಗೆ ಕಂಡುದೆಲ್ಲ ಹಳದಿ’ ಎಂಬ ಗಾದೆಯನ್ನು ನನ್ನ ತರಗತಿಯಲ್ಲಿ ಕುಳಿತವರೆಲ್ಲರೂ ಒಮ್ಮೆಯಾದರೂ ವಿಸ್ತರಿಸಿ ಬರೆದಿದ್ದೀರಿ. ಹತ್ತು ವಾಕ್ಯಗಳಿಗೆ ಕಡಮೆಯಾಗಬಾರದೆಂಬ ನಿಯಮವೂ ನೆನಪಿರಬಹುದು. ಪೂರ್ವಗ್ರಹವುಳ್ಳವನಿಗೆ ಲೋಕವೆಲ್ಲ ತನ್ನ ಮನಸ್ಸಿನ ಬಣ್ಣದಲ್ಲೇ ತೋರುತ್ತದೆ ಎಂಬ ಅದರ ನೀತಿ ಸರಿಯಾದುದೇ. ಆದರೆ ಅದರ ವೈದ್ಯಶಾಸ್ತ್ರ ಸರಿಯಲ್ಲ. ಕಾಮಾಲೆಯಾದವನಿಗೆ ಲೋಕವೇನೂ ಹಳದಿಯಾಗಿ ಕಾಣುವುದಿಲ್ಲ. ಲೋಕಕ್ಕೆ ಅವನ ಕಣ್ಣು ಹಳದಿಯಾಗಿ ಕಾಣುತ್ತದೆ. ಹಳದಿಯನ್ನು ನೋಡುವವರು ನಾವು. ಆ ಬಣ್ಣದಲ್ಲೇ ದೃಷ್ಟಿ ನೆಟ್ಟು ಅದರ ಹಿಂದಿರುವುದನ್ನು ಕಾಣದೆ ಹೋಗುವವರೂ ನಾವೇ.

ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಕಾಮಾಲೆಯೆಂಬುದು ಒಂದು ಲಕ್ಷಣದ ಹೆಸರು, ರೋಗದ ಹೆಸರಲ್ಲ. ಮನೆಯಲ್ಲಿ ಯಾರಿಗಾದರೂ ಕಾಮಾಲೆ ಎಂದೊಡನೆ ‘ಅದಕ್ಕೆ ಔಷಧ ಎಲ್ಲಿ ಕೊಡುತ್ತಾರೆ?’ ಎಂದು ಕೇಳುವುದು ನಮ್ಮ ರೂಢಿ. ಅದಕ್ಕೆ ಮೊದಲು ‘ಯಾವ ಕಾಮಾಲೆ?’ ಎಂದು ಕೇಳುವುದು ರೂಢಿಯಾಗಬೇಕು. ಈ ಒಂದು ಪ್ರಶ್ನೆ ಕೇಳದೆ ಹೋದುದರಿಂದ ಆಗಿರುವ ಹಾನಿಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ದಂಡುಪ್ರದೇಶದ ಶಾಲೆಗಳಲ್ಲಿ ಪಾಠ ಹೇಳಿದವರಿಗೆ ಒಂದು ವಿಶೇಷ ಅನುಭವವಿರುತ್ತದೆ. ಒಂದೇ ತರಗತಿಗೆ ನಾಲ್ಕೈದು ಭಾಷೆಗಳ ಮನೆಗಳಿಂದ ಮಕ್ಕಳು ಬರುತ್ತಾರೆ. ಬೇಸಗೆ ಕಳೆದು ಮೊದಲ ಮಳೆ ಬೀಳುವ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಎರಡು ಮೂರು ವಾರ ಸತತವಾಗಿ ಗೈರುಹಾಜರಿ ಬೀಳುತ್ತಿತ್ತು. ಬಳಿಕ ರಜೆಯ ಚೀಟಿಗಳು ಬರುತ್ತಿದ್ದವು. ಕನ್ನಡದ ಮನೆಯವರು ‘ಅರಿಶಿನ ಕಾಮಾಲೆ’ ಎಂದು ಬರೆದರೆ, ಹಲಸೂರಿನ ತಮಿಳರು ‘ಮಂಜಳ್ ಕಾಮಾಲೈ’ ಎನ್ನುತ್ತಿದ್ದರು. ತೆಲುಗಿನವರದು ‘ಪಚ್ಚಕಾಮೆರ್ಲು’, ಶಿವಾಜಿನಗರದ ದಖ್ಖನಿ ಉರ್ದುವಿನವರದು ‘ಪೀಲಿಯಾ’, ಇಂಗ್ಲಿಷ್ ಬಲ್ಲವರದು ‘ಜಾಂಡೀಸ್’. ಅರಿಶಿನವೆಂದರೂ ಮಂಜಳ್ ಎಂದರೂ ಹಳದಿಯೇ. ತೆಲುಗಿನ ‘ಪಚ್ಚ’ ಇಲ್ಲಿ ಹಳದಿಯೇ. ‘ಪೀಲಾ’ ಎಂದರೂ ಹಳದಿಯೇ. ಇಂಗ್ಲಿಷಿನ ಪದವೂ ಹಳದಿಯೆಂಬ ಅರ್ಥದ ಫ್ರೆಂಚ್ ಮೂಲದಿಂದ ಬಂದುದು. ಐದು ಭಾಷೆಗಳೂ ಬಣ್ಣವನ್ನು ಹೆಸರಿಸಿದವು, ಕಾರಣವನ್ನು ಹೆಸರಿಸಲಿಲ್ಲ. ಹಿಂದಿನವರಿಗೆ ಕಾರಣ ತಿಳಿದಿರಲಿಲ್ಲ. ಅದು ಅವರ ತಪ್ಪಲ್ಲ. ಕಾರಣ ತಿಳಿದ ಮೇಲೂ ನಾವು ಬಣ್ಣದಲ್ಲೇ ನಿಂತರೆ ಅದು ನಮ್ಮದು.

ಮೊದಲು ಆ ಬಣ್ಣ ಎಲ್ಲಿಂದ ಬರುತ್ತದೆಂದು ನೋಡೋಣ. ಪಠ್ಯಪುಸ್ತಕ ಪಿತ್ತಜನಕಾಂಗವೆಂದೂ, ಹಳೆಯ ಗ್ರಂಥಗಳು ಯಕೃತ್ತೆಂದೂ, ನಾವು ಮಾತಿನಲ್ಲಿ ಲಿವರ್ ಎಂದೂ ಕರೆಯುವ ಅಂಗ ಬಲಗಡೆಯ ಪಕ್ಕೆಲುಬುಗಳ ಕೆಳಗೆ ಅಡಗಿದೆ. ವಯಸ್ಕರಲ್ಲಿ ಅದರ ತೂಕ ಸುಮಾರು ಒಂದೂವರೆ ಕಿಲೋ. ಉಂಡ ಅನ್ನವನ್ನು ಶಕ್ತಿಯಾಗಿ ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ವಿಷಪದಾರ್ಥಗಳನ್ನು ನಿರ್ವಿಷಗೊಳಿಸುವುದು, ಪಿತ್ತರಸವನ್ನು ಸ್ರವಿಸುವುದು, ಹೀಗೆ ನೂರಾರು ಕೆಲಸಗಳನ್ನು ಅದು ಸದ್ದಿಲ್ಲದೆ ಮಾಡುತ್ತದೆ. ನಮ್ಮ ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ. ಮುಪ್ಪಾದ ಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಳಿಯುತ್ತದೆ. ಯಕೃತ್ತು ಅದನ್ನು ರಕ್ತದಿಂದ ಹೀರಿಕೊಂಡು, ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ, ಪಿತ್ತರಸದೊಡನೆ ಕರುಳಿಗೆ ಸಾಗಿಸುತ್ತದೆ. ಈ ಸಾಗಣೆ ನಿಂತರೆ ಬಿಲಿರುಬಿನ್ ರಕ್ತದಲ್ಲೇ ಉಳಿದು ಕಣ್ಣಿನ ಬಿಳಿಭಾಗದಲ್ಲಿ ಮೊದಲು ತೋರುತ್ತದೆ. ಮೂತ್ರವೂ ಗಾಢ ಬಣ್ಣಕ್ಕೆ ತಿರುಗುತ್ತದೆ.

ಬೀದಿಯಲ್ಲಿ ಕಸದ ರಾಶಿ ಬಿದ್ದಿದೆಯೆಂದರೆ ಕಸ ಸಾಗಿಸುವವರು ಬಂದಿಲ್ಲವೆಂದು ಮಾತ್ರ ತಿಳಿಯುತ್ತದೆ. ಏಕೆ ಬರಲಿಲ್ಲ? ಮುಷ್ಕರವೋ, ಗಾಡಿ ಕೆಟ್ಟಿತೋ, ರಸ್ತೆ ಅಗೆದಿದ್ದಾರೋ? ರಾಶಿಯನ್ನು ನೋಡಿ ಹೇಳಲಾಗದು. ಕಣ್ಣಿನ ಹಳದಿಯೂ ಅಂಥದೇ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿದರೂ ಕಾಮಾಲೆ. ರಕ್ತಕಣಗಳು ವಿಪರೀತವಾಗಿ ಒಡೆದರೂ ಕಾಮಾಲೆ. ಮದ್ಯದಿಂದ ಯಕೃತ್ತು ಕೆಟ್ಟರೂ, ಕೆಲವು ಔಷಧಗಳು ಒಗ್ಗದಿದ್ದರೂ ಕಾಮಾಲೆ. ವೈರಸ್‌ಗಳಿಂದ ಯಕೃತ್ತಿಗೆ ಉರಿಯೂತ ಬಂದರೂ ಕಾಮಾಲೆ. ಈ ಕೊನೆಯದನ್ನೇ ವೈದ್ಯರು ವೈರಲ್ ಹೆಪಟೈಟಿಸ್ ಎನ್ನುತ್ತಾರೆ.

ಈ ವೈರಸ್‌ಗಳು ಮುಖ್ಯವಾಗಿ ಐದು. ಎ, ಬಿ, ಸಿ, ಡಿ, ಇ ಎಂದು ಮಗ್ಗಿಯಷ್ಟು ಸುಲಭವಾಗಿ ನೆನಪಿಡಬಹುದು. ಹೆಸರಿನಲ್ಲಿ ಅಕ್ಕತಂಗಿಯರಂತೆ ಕಂಡರೂ ಅವು ಒಂದೇ ಕುಟುಂಬದವಲ್ಲ. ಮೊದಲ ಮತ್ತು ಕೊನೆಯ ಅಕ್ಷರಗಳಾದ ಎ ಮತ್ತು ಇ ಬಾಯಿಯ ಮೂಲಕ, ಅಂದರೆ ಮಲದಿಂದ ಕೆಟ್ಟ ನೀರು ಹಾಗೂ ಆಹಾರದ ಮೂಲಕ ಬರುತ್ತವೆ. ನಡುವಣ ಬಿ, ಸಿ, ಡಿ ರಕ್ತದ ಮೂಲಕ ಬರುತ್ತವೆ. ಬಿ ವೈರಸ್ಸು ಲೈಂಗಿಕ ಸಂಪರ್ಕದಿಂದಲೂ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೂ ಹರಡುತ್ತದೆ. ಡಿ ವೈರಸ್ಸು ಬಿ ಇಲ್ಲದೆ ಬದುಕಲಾರದ ಪರಾವಲಂಬಿ. ತುದಿಯ ಎರಡು ನೀರಿನವು, ನಡುವಣ ಮೂರು ರಕ್ತದವು ಎಂದು ತಿಳಿದರೆ ಅರ್ಧ ಪಾಠ ಮುಗಿದಂತೆ.

ಇನ್ನೊಂದು ಮಾತು. ಈ ವೈರಸ್‌ಗಳು ಸಾಮಾನ್ಯವಾಗಿ ಯಕೃತ್ತಿನ ಕೋಶಗಳನ್ನು ತಾವೇ ಕೊಲ್ಲುವುದಿಲ್ಲ. ವೈರಸ್ ಹೊಕ್ಕ ಕೋಶಗಳನ್ನು ಗುರುತಿಸಿ ನಾಶಮಾಡುವುದು ನಮ್ಮ ದೇಹದ ರಕ್ಷಣಾ ಪಡೆಯೇ. ಆ ಕಾಳಗ ಚುರುಕಾಗಿ ನಡೆದು ವೈರಸ್ ತೊಲಗಿದರೆ ಯಕೃತ್ತು ಮತ್ತೆ ಬೆಳೆದು ಮೊದಲಿನಂತಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದರೂ ಉಳಿದ ಭಾಗದಿಂದ ಬೆಳೆಯಬಲ್ಲ ಅಂಗವದು. ಆದರೆ ಕಾಳಗ ಮುಗಿಯದೆ ವರ್ಷಗಟ್ಟಲೆ ಕುದಿಯುತ್ತಿದ್ದರೆ ಗಾಯದ ಮೇಲೆ ಗಾಯವಾಗಿ, ಮೃದುವಾದ ಅಂಗ ನಾರುಗಟ್ಟಿ ಗಂಟುಗಂಟಾಗುತ್ತದೆ. ಅದೇ ಸಿರೋಸಿಸ್. ಆಗ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿಯಾಗುವುದು, ಮತಿಗೆ ಮಂಕು ಕವಿಯುವುದು ಮೊದಲಾದ ತೊಂದರೆಗಳು ಬರುತ್ತವೆ. ಕೆಲವರಲ್ಲಿ ಅದು ಕ್ಯಾನ್ಸರಿಗೂ ದಾರಿಯಾಗುತ್ತದೆ. ಎ ಮತ್ತು ಇ ಬಹುತೇಕ ಮೊದಲ ಬಗೆಯ ಕಾಳಗಗಳು; ಬಿ ಮತ್ತು ಸಿ ಹಲವರಲ್ಲಿ ಎರಡನೆಯ ಬಗೆಯವು.

ನೀರಿನ ಕಾಮಾಲೆಯನ್ನು ಮೊದಲು ನೋಡೋಣ, ಏಕೆಂದರೆ ನಮ್ಮ ಪೂರ್ವ ಬೆಂಗಳೂರಿನ ಚರಿತ್ರೆಯಲ್ಲಿ ನೀರಿನದೇ ದೊಡ್ಡ ಅಧ್ಯಾಯ. 1809ರಲ್ಲಿ ದಂಡು ನೆಲೆಗೊಂಡಾಗ ಅದಕ್ಕೆ ಆಧಾರವಾಗಿದ್ದುದು ಬಾವಿಗಳು ಮತ್ತು ಹಲಸೂರಿನಂಥ ಕೆರೆಗಳು. ಜನ ಹೆಚ್ಚಿದಂತೆ 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಲ್ಪಟ್ಟಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಸೇರಿದವು. ಕೆ.ಆರ್. ಪುರ, ಮಹದೇವಪುರಗಳು 2007ರಲ್ಲಿ ಮಹಾನಗರದ ಆಡಳಿತಕ್ಕೆ ಸೇರಿದರೂ ಅಲ್ಲಿನ ಬಹುಪಾಲು ಬಡಾವಣೆಗಳು ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನೇ ನೆಚ್ಚಿಕೊಂಡಿದ್ದವು. ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿಯ ಐದನೆಯ ಹಂತ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ.

ನದಿಯ ನೀರನ್ನು ಶುದ್ಧಗೊಳಿಸಿಯೇ ಕಳುಹಿಸುತ್ತಾರೆ. ತೊಂದರೆಯಿರುವುದು ದಾರಿಯಲ್ಲಿ. ಹಳೆಯ ಗಲ್ಲಿಗಳಲ್ಲಿ ಕುಡಿಯುವ ನೀರಿನ ಕೊಳವೆಯೂ ಒಳಚರಂಡಿಯ ಕೊಳವೆಯೂ ಗೇಣಿನ ಅಂತರದಲ್ಲಿ ಹಾದುಹೋಗಿರುವುದುಂಟು. ನೀರು ದಿನವಿಡೀ ಬರುವುದಿಲ್ಲ. ನೀರು ಬಿಟ್ಟಾಗ ಕೊಳವೆಯೊಳಗೆ ಒತ್ತಡವಿದ್ದು, ಬಿರುಕಿದ್ದರೆ ನೀರು ಹೊರಕ್ಕೆ ಸೋರುತ್ತದೆ. ನಿಲ್ಲಿಸಿದಾಗ ಒತ್ತಡ ಇಳಿದು ಅದೇ ಬಿರುಕಿನಿಂದ ಸುತ್ತಲಿನ ಕೊಳಚೆ ಒಳಕ್ಕೆ ಜಿನುಗುತ್ತದೆ. ಮರುದಿನ ನೀರು ಬಂದಾಗ ಮೊದಲು ಮನೆ ಸೇರುವುದು ಆ ಕೊಳಚೆಯೇ. ಮನೆಯ ಸಂಪನ್ನು ವರ್ಷಗಟ್ಟಲೆ ತೊಳೆಯದಿದ್ದರೆ, ಅದರ ಪಕ್ಕದಲ್ಲೇ ಶೌಚಗುಂಡಿಯಿದ್ದರೆ, ಮುಂದಿನ ಮಾತು ಹೇಳಬೇಕಾಗಿಲ್ಲ.

ಇದು ಬೆಂಗಳೂರಿಗೆ ಮಾತ್ರ ಸೇರಿದ ಸಂಕಟವಲ್ಲ. 1955ರ ಕೊನೆಯಲ್ಲಿ ದೆಹಲಿಯ ಯಮುನೆಯ ಪಾತ್ರ ಬದಲಾಗಿ, ನಗರದ ಕೊಳಚೆ ವಜೀರಾಬಾದಿನ ನೀರೆತ್ತುವ ಸ್ಥಳಕ್ಕೇ ಹಿಂದಿರುಗಿ ಹರಿಯಿತು. ಅಧಿಕಾರಿಗಳು ಎಚ್ಚೆತ್ತು ಕ್ಲೋರಿನ್ ಹೆಚ್ಚಿಸಿದರು. ಅದರಿಂದ ವಿಷಮಶೀತಜ್ವರದಂಥ ರೋಗಗಳು ಉಲ್ಬಣಿಸಲಿಲ್ಲ. ಆದರೆ ವೈರಸ್ ಆ ಬೇಲಿಯನ್ನು ದಾಟಿತು. ಕೆಲವೇ ವಾರಗಳಲ್ಲಿ ಸುಮಾರು 29,000 ಜನರಿಗೆ ಕಾಮಾಲೆ ತಗುಲಿತು. ಅದು ಎ ವೈರಸ್ಸೆಂದೇ ಬಹುಕಾಲ ನಂಬಲಾಗಿತ್ತು. ಕಾಪಿಟ್ಟಿದ್ದ ರಕ್ತದ ಮಾದರಿಗಳನ್ನು ಕಾಲು ಶತಮಾನದ ಬಳಿಕ ಪರೀಕ್ಷಿಸಿದಾಗ ಅದು ಎ ಅಲ್ಲವೆಂದು ತಿಳಿದುಬಂತು. ಮುಂದೆ ಅದಕ್ಕೆ ‘ಇ’ ಎಂಬ ಹೆಸರಾಯಿತು. ದೇಶದ ರಾಜಧಾನಿಯೇ ‘ಯಾವ ಕಾಮಾಲೆ?’ ಎಂಬ ಪ್ರಶ್ನೆಗೆ ಉತ್ತರ ಪಡೆಯಲು ಇಷ್ಟು ಕಾಲ ಕಾಯಬೇಕಾಯಿತು. ಇಂದು ನಮಗೆ ಆ ಉತ್ತರ ಒಂದೆರಡು ದಿನಗಳಲ್ಲಿ ರಕ್ತಪರೀಕ್ಷೆಯಿಂದ ದೊರೆಯುತ್ತದೆ. ಆದರೂ ಕೇಳುವುದಿಲ್ಲ.

ಎ ಮತ್ತು ಇ ಎರಡೂ ನೀರಿನವೇ ಆದರೂ ಅವುಗಳ ಸ್ವಭಾವ ಬೇರೆ. ಎ ವೈರಸ್ಸು ಪುಟ್ಟ ಮಕ್ಕಳಲ್ಲಿ ಎಷ್ಟೋ ವೇಳೆ ಕಾಮಾಲೆಯನ್ನೂ ತೋರಿಸದೆ ನೆಗಡಿಯಂತೆ ಬಂದು ಹೋಗಿ, ಜೀವಮಾನದ ರಕ್ಷಣೆಯನ್ನು ಉಳಿಸುತ್ತದೆ. ವಯಸ್ಸಾದ ಮೇಲೆ ಮೊದಲ ಬಾರಿ ಬಂದರೆ ಹೆಚ್ಚು ಬಾಧಿಸುತ್ತದೆ. ನಮ್ಮ ತಲೆಮಾರಿನವರು ಬೀದಿಯ ನಲ್ಲಿಯಲ್ಲಿ ಬೊಗಸೆಯೊಡ್ಡಿ ಕುಡಿದು ಬಾಲ್ಯದಲ್ಲೇ ಆ ಸುಂಕ ಕಟ್ಟಿದೆವು. ಸ್ವಚ್ಛ ಮನೆಗಳಲ್ಲಿ ಬೆಳೆದ ಇಂದಿನ ಮಕ್ಕಳು ಇಂದಿರಾನಗರದಲ್ಲೋ ಮಹದೇವಪುರದಲ್ಲೋ ಪಿ.ಜಿ.ಗಳಲ್ಲಿ ಇಳಿದುಕೊಂಡು ಹೊರಗೆ ಉಣ್ಣತೊಡಗಿದಾಗ ಮೊದಲ ಬಾರಿಗೆ ಅದನ್ನು ಎದುರಿಸುತ್ತಾರೆ. ‘ನಾವೆಲ್ಲ ಕುಡಿಯಲಿಲ್ಲವೇ, ನಮಗೇನಾಯಿತು?’ ಎಂದು ಅವರೊಡನೆ ವಾದಿಸುವ ಹಿರಿಯರು ಈ ವ್ಯತ್ಯಾಸವನ್ನು ಗಮನಿಸಬೇಕು. ಎ ವೈರಸ್ಸಿಗೆ ಲಸಿಕೆಯೂ ಇದೆ.

ಇ ವೈರಸ್ಸಿನ ಕ್ರೌರ್ಯ ಬೇರೆ ಬಗೆಯದು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಗುಣವಾಗುವ ಅದು ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಯಕೃತ್ತನ್ನು ಹಠಾತ್ತನೆ ಕೆಡಿಸಬಲ್ಲದು. ಆ ಅವಧಿಯಲ್ಲಿ ಸೋಂಕು ತಗುಲಿದವರಲ್ಲಿ ನೂರಕ್ಕೆ 20 ರಿಂದ 25ರಷ್ಟು ಮಂದಿ ಸಾಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ಬಂಧುವರ್ಗದಲ್ಲೇ ಹೀಗೊಂದು ಸಾವಾಯಿತು. ಹೆಸರು ಬರೆಯಲಾರೆ, ತಿಳಿದವರಿಗೆ ತಿಳಿದಿದೆ. ಕೆ.ಆರ್. ಪುರದಾಚೆಯ ಹೊಸ ಬಡಾವಣೆಯಲ್ಲಿ ಮನೆ. ಬೇಸಗೆಯಲ್ಲಿ ಟ್ಯಾಂಕರ್ ನೀರು. ಆಕೆಗೆ ಏಳು ತಿಂಗಳು ತುಂಬಿತ್ತು. ಊಟ ಸೇರದಿರುವುದನ್ನೂ ವಾಕರಿಕೆಯನ್ನೂ ಬಸುರಿನದೇ ಎಂದುಕೊಂಡರು. ಕಣ್ಣು ಹಳದಿಯಾದಾಗ ಮನೆಯ ಹಿರಿಯರು, ಹಿಂದೆ ಮನೆಯ ಮೂವರಿಗೆ ಗುಣವಾಗಿದ್ದ ಕಡೆಗೇ ಕರೆದೊಯ್ದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಔಷಧ ಕುಡಿಸಿದರು. ಮೂರು ದಿನ ಕುಡಿಯಬೇಕೆಂದು ಹೇಳಿದ್ದರು. ಮೂರನೆಯ ಬೆಳಿಗ್ಗೆ ಆಕೆ ಮಾತಿಗೆ ಸರಿಯಾಗಿ ಉತ್ತರಿಸಲಿಲ್ಲ, ನಿದ್ದೆಗಣ್ಣೆಂದು ಭಾವಿಸಿದರು. ಆಸ್ಪತ್ರೆ ಸೇರಿದ ಮೇಲೆ ರಕ್ತಪರೀಕ್ಷೆಯಲ್ಲಿ ಇ ವೈರಸ್ಸೆಂದು ತಿಳಿಯಿತು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಮೊದಲ ದಿನವೇ ಆಸ್ಪತ್ರೆಗೆ ಹೋಗಿದ್ದರೆ ಉಳಿಯುತ್ತಿದ್ದಳೆಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಆ ಮೂರು ದಿನಗಳು ಆಕೆಗೆ ಸಲ್ಲಬೇಕಾಗಿದ್ದವು. ಕರೆದೊಯ್ದವರನ್ನಾಗಲಿ ಔಷಧ ಕೊಟ್ಟವರನ್ನಾಗಲಿ ನಾನು ದೂಷಿಸಲಾರೆ. ಅವರು ಪ್ರೀತಿಯಿಂದಲೇ ಮಾಡಿದರು. ಅವರಿಗೆ ತಿಳಿದಿದ್ದುದು ಒಂದೇ ಕಾಮಾಲೆ.

ಹಾಗಾದರೆ ಹಿಂದಿನ ಮೂವರಿಗೆ ಗುಣವಾದುದು ಸುಳ್ಳೇ ಎಂದು ಕೇಳುವಿರಿ. ಸುಳ್ಳಲ್ಲ. ಎ ವೈರಸ್ಸಿನ ಕಾಮಾಲೆಯಾದವರಲ್ಲಿ ಬಹುತೇಕ ಎಲ್ಲರೂ, ಯಾವ ಔಷಧವಿಲ್ಲದಿದ್ದರೂ, ವಿಶ್ರಾಂತಿಯಿಂದಲೇ ಗುಣವಾಗುತ್ತಾರೆ. ಗುಣವಾಗುವ ವಾರದಲ್ಲಿ ಏನು ಕುಡಿದಿದ್ದರೋ ಕೀರ್ತಿಯೆಲ್ಲ ಅದಕ್ಕೆ ಸಲ್ಲುತ್ತದೆ. ಕೋಳಿ ಕೂಗಿದ್ದರಿಂದಲೇ ಬೆಳಗಾಯಿತೆಂದು ನಂಬಿದ ಅಜ್ಜಿಯ ಕಥೆ ನಿಮಗೆ ಗೊತ್ತೇ ಇದೆ.

ನೆಲನೆಲ್ಲಿಯ ವಿಷಯದಲ್ಲಿ ಮಾತ್ರ ತುಸು ವಿವರವಾಗಿ ಹೇಳಬೇಕು. ತಮಿಳಿನಲ್ಲಿ ಕೀಳಾನೆಲ್ಲಿಯೆಂಬ ಈ ಪುಟ್ಟ ಗಿಡವನ್ನು ವಿಜ್ಞಾನ ಕಡೆಗಣಿಸಲಿಲ್ಲ. 1988ರಲ್ಲಿ ಮದರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು, ಬಿ ವೈರಸ್ಸನ್ನು ಹೊತ್ತವರಿಗೆ ಅದನ್ನು ಕೊಟ್ಟು ನೋಡಿ, 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತೆಂದು ಬ್ರಿಟನ್ನಿನ ಪ್ರಸಿದ್ಧ ವೈದ್ಯಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಬಿ ವೈರಸ್ಸಿನ ಸುಳಿವನ್ನು ಮೊದಲು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ಈ ಗಿಡದ ಸಂಶೋಧನೆಯಲ್ಲಿ ಆಸಕ್ತರಾಗಿದ್ದರು. ಲೋಕವೇ ಕಿವಿ ನಿಮಿರಿಸಿ ಕೇಳಿತು. ಆದರೆ ಬೇರೆ ಬೇರೆ ದೇಶಗಳಲ್ಲಿ ಪ್ರಯೋಗವನ್ನು ಮತ್ತೆ ಮತ್ತೆ ನಡೆಸಿದಾಗ ಆ ಫಲ ದೊರೆಯಲಿಲ್ಲ. ನಾಟಿಯೆಂದು ತಿರಸ್ಕರಿಸದೆ, ಪರಂಪರೆಯೆಂದು ಪೂಜಿಸದೆ, ಪರೀಕ್ಷಿಸಿ ನೋಡಿದರು. ಪರೀಕ್ಷೆಯಲ್ಲಿ ತೇರ್ಗಡೆಯಾಗದ ವಿದ್ಯಾರ್ಥಿ ಎಷ್ಟೇ ಒಳ್ಳೆಯ ಮನೆತನದವನಾದರೂ ಅಂಕ ಕೊಡಲಾಗದು.

ಇನ್ನು ಕೆಲವು ಆಚರಣೆಗಳು ಶುದ್ಧ ಕೈಚಳಕ. ಸುಣ್ಣದ ನೀರಿನಲ್ಲಿ ರೋಗಿಯ ಕೈ ತೊಳೆಸಿ, ನೀರು ಹಳದಿಯಾದುದನ್ನು ತೋರಿಸಿ ‘ಕಾಮಾಲೆ ಇಳಿಯಿತು’ ಎನ್ನುವುದುಂಟು. ಮಾವಿನ ತೊಗಟೆಯ ರಸ ಮೊದಲೇ ಕೈಗೆ ಹತ್ತಿದ್ದರೆ ಸುಣ್ಣದ ನೀರು ಹಳದಿಯಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆತು ಆರತಿಯ ನೀರು ಕೆಂಪಾಗುವುದನ್ನು ದಿನವೂ ಕಾಣುವ ನಾವು ಇದನ್ನು ಪವಾಡವೆಂದು ನಂಬಬೇಕಾಗಿಲ್ಲ. ಮಣಿಕಟ್ಟಿಗೆ ಬರೆ ಹಾಕಿಸುವುದಂತೂ ನೋವಿಗೆ ನೋವು ಸೇರಿಸುವ ಕೆಲಸ. ಉಪ್ಪು, ಎಣ್ಣೆ, ಬೇಳೆಗಳನ್ನೆಲ್ಲ ಬಿಡಿಸಿ ಗಂಜಿಯಲ್ಲೇ ಇಡುವ ಕಟ್ಟುನಿಟ್ಟಿನ ಪಥ್ಯವನ್ನೂ ಇಂದಿನ ವೈದ್ಯರು ಒಪ್ಪುವುದಿಲ್ಲ. ಸೇರಿದಷ್ಟು ಸಾಧಾರಣ ಊಟ ಮಾಡಬೇಕು, ಮದ್ಯವನ್ನು ಮುಟ್ಟಬಾರದು, ಕೇಳದೆ ನೋವಿನ ಮಾತ್ರೆಗಳನ್ನು ನುಂಗಬಾರದು ಎಂಬುದು ಅವರ ಪಥ್ಯ.

ಇಷ್ಟು ಹಳದಿಯ ಮಾತಾಯಿತು. ನಾನು ಹೆಚ್ಚು ಹೆದರುವುದು ಹಳದಿಯೇ ಕಾಣದ ರೋಗಕ್ಕೆ. ಬಿ ಮತ್ತು ಸಿ ವೈರಸ್‌ಗಳು ದೇಹ ಹೊಕ್ಕಾಗ ಬಹುಮಂದಿಗೆ ಕಾಮಾಲೆಯಾಗುವುದೇ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಏನೂ ತಿಳಿಯದು. ಭಾರತದಲ್ಲಿ 2022ರಲ್ಲಿ ಸುಮಾರು 2.98 ಕೋಟಿ ಜನರಲ್ಲಿ ಬಿ ವೈರಸ್ಸೂ, ಸುಮಾರು 55 ಲಕ್ಷ ಜನರಲ್ಲಿ ಸಿ ವೈರಸ್ಸೂ ನೆಲೆಸಿದ್ದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಬಹುಪಾಲು ಜನರಿಗೆ ಅದರ ಅರಿವೇ ಇಲ್ಲ. ಕಣ್ಣಿನ ಬಣ್ಣವನ್ನೇ ಕಾಯುತ್ತ ಕುಳಿತವರಿಗೆ ಇದು ಸಿಗುವುದೇ ಇಲ್ಲ.

ಬಿ ವೈರಸ್ಸಿನ ವಿಚಿತ್ರವೆಂದರೆ ಅದು ವಯಸ್ಸನ್ನು ನೋಡಿ ನಡೆಯುತ್ತದೆ. ಬೆಳೆದವರಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದು ಮಂದಿ ಅದನ್ನು ಕಳೆದುಕೊಳ್ಳುತ್ತಾರೆ. ಹುಟ್ಟುವಾಗಲೇ ತಾಯಿಯಿಂದ ತಗುಲಿದರೆ ನೂರರಲ್ಲಿ ತೊಂಬತ್ತು ಮಕ್ಕಳಲ್ಲಿ ಅದು ಬೇರೂರುತ್ತದೆ. ಆದುದರಿಂದಲೇ ಮಗು ಹುಟ್ಟಿದ 24 ಗಂಟೆಗಳೊಳಗೆ ಬಿ ಲಸಿಕೆಯ ಮೊದಲ ಚುಚ್ಚುಮದ್ದು ಬೀಳಬೇಕು. ಉಳಿದವು ಆರು, ಹತ್ತು, ಹದಿನಾಲ್ಕನೆಯ ವಾರಗಳ ಲಸಿಕೆಗಳೊಡನೆ ಬರುತ್ತವೆ. ಈ ಲಸಿಕೆಯನ್ನು 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. 2011ರ ಹೊತ್ತಿಗೆ ದೇಶದಾದ್ಯಂತ ಸರ್ಕಾರದ ಲಸಿಕಾ ಕಾರ್ಯಕ್ರಮಕ್ಕೆ ಅದು ಸೇರಿತು. ಯಕೃತ್ತಿನ ಕ್ಯಾನ್ಸರೊಂದನ್ನು ತಡೆಯಬಲ್ಲ ಲಸಿಕೆಯಿದು. ‘ಎಳೆಯ ಕೂಸಿಗೆ ಮೊದಲ ದಿನವೇ ಸೂಜಿಯೇ?’ ಎಂದು ಅಡ್ಡ ಬರುವ ಅಜ್ಜಿಯರು ನಮ್ಮಲ್ಲಿ ಇದ್ದಾರೆ. ಆ ಅಜ್ಜಿಯರಲ್ಲಿ ಕೆಲವರು ನನ್ನ ಶಿಷ್ಯೆಯರೇ! ದಯವಿಟ್ಟು ಅಡ್ಡ ಬರಬೇಡಿ.

ಆದರೆ ನಮ್ಮ ತಲೆಮಾರಿಗೂ ನಿಮ್ಮಲ್ಲಿ ಹಿರಿಯರಾದವರಿಗೂ ಈ ಲಸಿಕೆ ಸಿಕ್ಕಿರಲಿಲ್ಲ. ಅಂದು ಶಾಲೆಗೆ ಸೂಜಿ ಹಾಕುವವರು ಬಂದಾಗ ಮಕ್ಕಳೆಲ್ಲ ಸಾಲುಗಟ್ಟಿ ನಿಲ್ಲುತ್ತಿದ್ದುದು ನೆನಪಿರಬಹುದು. ಸ್ಪಿರಿಟ್ ದೀಪದಲ್ಲಿ ಸೂಜಿಯನ್ನೊಮ್ಮೆ ಕಾಸಿ ಮುಂದಿನ ತೋಳಿಗೆ ಚುಚ್ಚುತ್ತಿದ್ದರು. ಆ ಕಾಲದ ಪದ್ಧತಿ ಹಾಗಿತ್ತು. ಒಮ್ಮೆ ಬಳಸಿ ಎಸೆಯುವ ಸಿರಿಂಜುಗಳು ಬಂದ ಮೇಲೂ ಅವನ್ನೇ ಮತ್ತೆ ಬಳಸುವ ದುರಾಸೆ ಎಲ್ಲೆಡೆ ಅಳಿಯಲಿಲ್ಲ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಹೀಗೆ ಬಳಸಿದ ಸಿರಿಂಜುಗಳಿಂದ ಬಿ ವೈರಸ್ಸು ನೂರಾರು ಜನರಿಗೆ ಹರಡಿ ಹಲವು ಹತ್ತು ಮಂದಿ ಸತ್ತರು. ಮಾತ್ರೆ ಸಾಕೆಂದು ವೈದ್ಯರು ಹೇಳಿದರೂ ‘ಒಂದು ಸೂಜಿ ಹಾಕಿಬಿಡಿ’ ಎಂದು ಬೇಡುವ ನಮ್ಮ ಅಭ್ಯಾಸವನ್ನು ಬಿಡಬೇಕು. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಕೇಳಿ ಹಾಕಿಸಬೇಕು. ಹಚ್ಚೆ ಹಾಕಿಸಿಕೊಳ್ಳುವ ಮಕ್ಕಳಿಗೆ ಸೂಜಿ ಹೊಸದೇ ಎಂದು ನೋಡಿಕೊಳ್ಳಲು ಹೇಳಬೇಕು. ಸಿ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ. ರಕ್ತನಿಧಿಗಳಲ್ಲಿ ಅದರ ಪರೀಕ್ಷೆ ಕಡ್ಡಾಯವಾದುದು ಈ ಶತಮಾನದ ಆರಂಭದಲ್ಲಿ. ಅದಕ್ಕೆ ಮೊದಲು ರಕ್ತ ಪಡೆದವರು, ಡಯಾಲಿಸಿಸ್ ಮಾಡಿಸಿಕೊಂಡವರು ಒಮ್ಮೆ ಪರೀಕ್ಷಿಸಿಕೊಳ್ಳುವುದು ವಿವೇಕ.

ಈ ವೈರಸ್‌ಗಳು ಹೇಗೆ ಹರಡುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸಕ್ಕೆ ಆಯ್ಕೆಯಾಗಿ, ವೈದ್ಯಕೀಯ ತಪಾಸಣೆಯಲ್ಲಿ ಬಿ ವೈರಸ್ಸಿನ ಗುರುತು ಕಂಡುಬಂದುದರಿಂದ ಆ ಕೆಲಸ ಕಳೆದುಕೊಂಡ. ಕುರ್ಚಿಯಲ್ಲಿ ಕುಳಿತು ಲೆಕ್ಕ ನೋಡುವ ಕೆಲಸವದು. ಕಂಪನಿಯವರು ಕಾರಣವನ್ನು ಬರೆದುಕೊಡಲಿಲ್ಲ. ಮನೆಗೆ ಬಂದರೆ ಅವನ ತಟ್ಟೆ ಲೋಟಗಳು ಬೇರೆಯಾದವು. ಅಣ್ಣನ ಮಗುವನ್ನು ಎತ್ತಿಕೊಳ್ಳಲು ಅತ್ತಿಗೆ ಬಿಡಲಿಲ್ಲ. ‘ಮೇಷ್ಟ್ರೇ, ರೋಗ ಲಿವರಿನಲ್ಲಿದೆ ಅಂತಾರೆ, ನನಗೆ ನೋವಾಗೋದು ಬೇರೆ ಕಡೆ’ ಎಂದು ಅವನು ಹೇಳಿದ ಮಾತನ್ನು ಮರೆಯಲಾರೆ.

ಒಟ್ಟಿಗೆ ಉಣ್ಣುವುದರಿಂದ, ಕೈ ಕುಲುಕುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮು ಸೀನುಗಳಿಂದ ಬಿ ಅಥವಾ ಸಿ ಹರಡುವುದಿಲ್ಲ. ರೇಜರ್ ಮತ್ತು ಹಲ್ಲುಜ್ಜುವ ಬ್ರಷ್ ಬೇರೆಯಿರಬೇಕು. ಪತಿ ಅಥವಾ ಪತ್ನಿಯೂ ಮನೆಯವರೂ ಪರೀಕ್ಷಿಸಿಕೊಂಡು ಲಸಿಕೆ ಪಡೆಯಬೇಕು. ಅಷ್ಟು ಸಾಕು. ಇಲ್ಲಿಯೂ ತಪ್ಪು ಒಂದೇ ಹೆಸರಿನಿಂದ ಹುಟ್ಟಿದುದು. ನೀರಿನ ಕಾಮಾಲೆಯ ಎಚ್ಚರಿಕೆಯನ್ನು ರಕ್ತದ ಕಾಮಾಲೆಯವನ ಮೇಲೆ ಹೇರಿದರು. ಎಚ್ಐವಿ ಇರುವವರನ್ನು ಕೆಲಸದಿಂದ ದೂರವಿಡುವುದನ್ನು 2017ರ ಕಾಯಿದೆ ನಿಷೇಧಿಸಿದೆ. ಆ ಕಾಯಿದೆಯ ವ್ಯಾಪ್ತಿಗೆ ಹೆಪಟೈಟಿಸ್ ಬರುವುದಿಲ್ಲ. ಬರಬೇಕು, ಅಥವಾ ಅದಕ್ಕೆ ಸಮನಾದ ರಕ್ಷಣೆ ಬೇರೆಯಾಗಿ ಒದಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಲಸ ಹೋಗುತ್ತದೆಂಬ ಭಯವಿರುವಲ್ಲಿ ಯಾರು ತಾನೇ ಪರೀಕ್ಷೆಗೆ ತೋಳು ಚಾಚುತ್ತಾರೆ? ನಿಮ್ಮಲ್ಲಿ ಕೆಲವರು ಇಂದು ಹತ್ತಾರು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಸ್ಥಾನದಲ್ಲಿದ್ದೀರಿ. ಈ ಮಾತು ಮುಖ್ಯವಾಗಿ ನಿಮಗೆ.

‘ತಿಳಿದು ಮಾಡುವುದೇನು? ತಿಳಿಯದಿದ್ದರೆ ನೆಮ್ಮದಿಯಾದರೂ ಇರುತ್ತದೆ’ ಎನ್ನುವವರಿದ್ದಾರೆ. ಹಿಂದೊಮ್ಮೆ ಈ ಮಾತಿಗೆ ಅರ್ಥವಿತ್ತು. ಈಗಿಲ್ಲ. ಸಿ ವೈರಸ್ಸನ್ನು ಸಾಮಾನ್ಯವಾಗಿ ಹನ್ನೆರಡು ವಾರಗಳ ಮಾತ್ರೆಗಳಿಂದ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಯಲ್ಲಿ ಪೂರ್ತಿಯಾಗಿ ತೊಲಗಿಸಬಹುದು. ಬಿ ವೈರಸ್ಸನ್ನು ಬೇರುಸಹಿತ ಕೀಳಲು ಇನ್ನೂ ಆಗಿಲ್ಲವಾದರೂ, ಅಗತ್ಯವುಳ್ಳವರಲ್ಲಿ ದಿನಕ್ಕೊಂದು ಮಾತ್ರೆಯಿಂದ ಅದನ್ನು ಹತೋಟಿಯಲ್ಲಿಟ್ಟು ಸಿರೋಸಿಸ್ ಮತ್ತು ಕ್ಯಾನ್ಸರುಗಳ ಅಪಾಯವನ್ನು ಬಹಳ ತಗ್ಗಿಸಬಹುದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ. ಆ ದಿನಾಂಕ ಬ್ಲಂಬರ್ಗ್ ಅವರ ಜನ್ಮದಿನ. ವಿಶ್ವ ಹೆಪಟೈಟಿಸ್ ದಿನವೂ ಹೌದು. ನಮ್ಮ ಭಾಗದವರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಿದೆ, ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಯಿದೆ, ಕೆ.ಆರ್. ಪುರದ ಸರ್ಕಾರಿ ಆಸ್ಪತ್ರೆಯಿದೆ. ಎಲ್ಲಿ ಏನು ದೊರೆಯುತ್ತದೆಂದು ಅಲ್ಲಿ ವಿಚಾರಿಸಲು ಸಂಕೋಚ ಬೇಡ.

ಕೊನೆಗೆ, ಹಳೆಯ ಅಭ್ಯಾಸದಂತೆ, ಮನೆಪಾಠ. ಕುಡಿಯುವ ನೀರನ್ನು ಕೊತಕೊತನೆ ಕುದಿಸಿ ಆರಿಸಿ, ಸಂಪನ್ನು ತೊಳೆಸಿ, ಶೌಚದ ಬಳಿಕವೂ ಅಡುಗೆಗೆ ಮುನ್ನವೂ ಸೋಪಿನಿಂದ ಕೈ ತೊಳೆಯಿರಿ. ಕಣ್ಣು ಹಳದಿಯಾದವರನ್ನು ವೈದ್ಯರ ಬಳಿಗೆ ಕರೆದೊಯ್ದು, ಬಿಲಿರುಬಿನ್ ಎಷ್ಟೆಂಬುದರ ಜೊತೆಗೆ ಕಾರಣವೇನೆಂದು ಪರೀಕ್ಷಿಸಲು ಕೇಳಿ. ಗರ್ಭಿಣಿಯ ಕಣ್ಣು ಹಳದಿಯಾದರೆ ಅದೇ ದಿನ, ಅದೇ ಗಂಟೆ, ಆಸ್ಪತ್ರೆಗೆ. ಯಾರಿಗೇ ಆಗಲಿ ಮಂಕು, ತೊದಲು, ಎಡೆಬಿಡದ ವಾಂತಿ, ರಕ್ತಸ್ರಾವ ಕಂಡರೂ ಹಾಗೆಯೇ. ಕಣ್ಣು ಬೆಳ್ಳಗಿದ್ದರೂ ನಿಮ್ಮ ಜೀವನದಲ್ಲಿ ಒಮ್ಮೆ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ. ಬಿ ಇಲ್ಲವೆಂದಾದರೆ ಲಸಿಕೆ ಹಾಕಿಸಿಕೊಳ್ಳಿ.

ಗಾದೆಗಳನ್ನು ವಿಸ್ತರಿಸಲು ನಿಮಗೆ ಹತ್ತು ಅಂಕ ಕೊಡುತ್ತಿದ್ದೆ. ಈ ಬಾರಿ ಕೇಳುವುದು ಎರಡೇ ಪದಗಳ ಪ್ರಶ್ನೆ. ಅದನ್ನು ನಿಮ್ಮ ಮನೆಯಲ್ಲಿ, ನಿಮ್ಮ ನೆರೆಯಲ್ಲಿ, ಅವರವರ ಭಾಷೆಯಲ್ಲಿ ಕೇಳಿ. ಎಲ್ಲರೂ ಕ್ಷೇಮವಾಗಿರಿ.